ನೋಟಿನ ಬೆನ್ನು

ನನಗೊಂದು ಕೆಟ್ಟ ಚಾಳಿ ಇದೆ. ಯಾರು ನೋಟು ಕೊಟ್ಟರೂ ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತೇನೆ. ಮುಖ ನೋಡುವುದು ಆಮೇಲೆ. ಮೊನ್ನೆ ನಾರಾಯಣಪೇಟೆಯ ಚೌಕದಲ್ಲಿ ಯಾದಮ್ಮನ ಹತ್ತಿರ ಸೀತಾಫಲ ಕೊಂಡು ಚಿಲ್ಲರೆಗೆ ಕೈ ಒಡ್ಡಿದೆ. ಅವಳು ಕೊಟ್ಟ ಹತ್ತರ ನೋಟನ್ನು ತಿರುಗಿಸಿ, ಬಿಸಿಲಿಗೆ ಹಿಡಿದು, ಕನ್ನಡಕವನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಮಾಡಿ ನೋಡತೊಡಗಿದಾಗ ಅವಳಿಗೆ ರೇಗಿತು.

"ಮಂಚಿದೇ ಅಮ್ಮಾ, ಒಳ್ಳೇ ನೋಟೇ! ನಾನೇನು ಮನ್ಯಾಗ ನೋಟು ಛಾಪಸ್ತೀನೇನ್ರಿ?" ಎಂದಳು.

"ಖೋಟಾ ಅಂತಲ್ಲವ್ವಾ. ಸುಮ್ನ ನೋಡಿದೆ."

"ಸುಮ್ನ ತಿರುವಿ ಮುರುವಿ ನೋಡಾಕ ಅದೇನು ಸೀರಿ ಅಂಚೇನ್ರಿ?"

ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಾರಾಯಣಪೇಟೆಯಲ್ಲಿ ಹೆಂಗಸರು ಏನನ್ನಾದರೂ ಅಷ್ಟು ಹೊತ್ತು ತಿರುವಿ ಮುರುವಿ ನೋಡಬಹುದಾದರೆ ಅದು ಸೀರೆ ಒಂದೇ. ಈ ಮುದುಕಿ ನೋಟನ್ನು ಹಾಗೆ ನೋಡಿದರೆ ತಲೆ ನೆಟ್ಟಗಿಲ್ಲ ಅಂದುಕೊಳ್ಳುವುದರಲ್ಲಿ ತಪ್ಪೇನಿದೆ? ಹೊಸ ನೋಟಿನ ಬೆನ್ನ ಮೇಲೆ ನಾನು ಹುಡುಕುವಂಥದ್ದು ಏನೂ ಇರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಕೈ ಕೇಳುವುದಿಲ್ಲ.

ನಾನು ನೋಟು ಕೂಡಿಹಾಕುವವಳು. ಹಾಗೆಂದರೆ ಸಾಹುಕಾರ್ತಿ ಅಂದುಕೊಳ್ಳಬೇಡಿ. ಚಲಾವಣೆ ಸತ್ತ ನೋಟುಗಳನ್ನು ಕೂಡಿಹಾಕುತ್ತೇನೆ. ಅದರಲ್ಲೂ ಒಂದೇ ಒಂದು ದೇಶದವು. ಈ ಹುಚ್ಚಿರುವ ಬೇರೆಯವರನ್ನು ನೋಡಿದ್ದೇನೆ. ಅವರ ಪುಸ್ತಕ ತೆರೆದರೆ ಜಪಾನು, ಜರ್ಮನಿ, ಯಾವುದೋ ದ್ವೀಪದ ಆಮೆಯ ಚಿತ್ರದ ನೋಟು, ಎಲ್ಲವೂ ಇರುತ್ತವೆ. ನನ್ನ ಪುಸ್ತಕ ತೆರೆದರೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬರೀ ಹೈದರಾಬಾದ್, ಅಂದರೆ ನಿಜಾಮರ ಹೈದರಾಬಾದ್. ಆ ದೇಶಕ್ಕೆ ಹೋಗಲು ಈಗ ಬಸ್ಸಿಲ್ಲ. ಅದು ಇದ್ದ ಜಾಗದಲ್ಲಿ ಬೇರೆ ಬೇರೆ ರಾಜ್ಯಗಳಿವೆ, ನಮ್ಮ ಮಕ್ತಲ್ ಈಗ ತೆಲಂಗಾಣದಲ್ಲಿದೆ, ಆಚೆಯ ರಾಯಚೂರು ಕರ್ನಾಟಕದಲ್ಲಿದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಆ ಸತ್ತ ದೇಶದ ಖಜಾನೆಗೆ ಈಗ ನಾನೇ ಮಂತ್ರಿ ಎಂದು ಒಬ್ಬಳೇ ಕೂತಾಗ ನಗುತ್ತೇನೆ.

ಗುರುತು ಹಿಡಿಯುವ ವಿದ್ಯೆಯೂ ನನಗೆ ತಕ್ಕಮಟ್ಟಿಗೆ ಬರುತ್ತದೆ. ಮುಖದ ಮೇಲೆ ಉರ್ದು. ಬೆನ್ನ ಮೇಲೆ ತೆಲುಗು, ಮರಾಠಿಗಳ ಜೊತೆಗೆ ನಮ್ಮ ಕನ್ನಡದಲ್ಲೂ ಬೆಲೆ. ಎಲ್ಲ ನೋಟುಗಳ ಮೇಲೆ ಇಸವಿ ಇರುವುದಿಲ್ಲ, ಆದರೆ ಖಜಾನೆಯ ದೊಡ್ಡ ಅಧಿಕಾರಿಯ ಸಹಿ ಇರುತ್ತದೆ. ಅಧಿಕಾರಿ ಬದಲಾದರೆ ಸಹಿ ಬದಲಾಗುತ್ತದೆ. ಸಹಿ ನೋಡಿ ಇದು ಯಾವ ಕಾಲದ ನೋಟು ಎಂದು ಹೇಳಬಹುದು. ದೊಡ್ಡವರ ಹೆಸರು ನನಗೆ ಬೇಕಿಲ್ಲ, ಸಣ್ಣವಳಿದ್ದಾಗ ಇಟ್ಟ ಅಡ್ಡಹೆಸರುಗಳೇ ಸಾಕು. ಒಂದು ಎತ್ತಿನ ಉಚ್ಚೆ ಸಹಿ, ಅಂಕುಡೊಂಕಾಗಿ ಹೋಗುತ್ತದೆ. ಇನ್ನೊಂದು ಚೇಳಿನ ಸಹಿ, ಕೊನೆಗೆ ಬಾಲ ಎತ್ತಿದೆ. ಹೈದರಾಬಾದಿನ ಹಳೆ ನೋಟಿನ ವ್ಯಾಪಾರಿಯೊಬ್ಬ ನನ್ನ ಪುಸ್ತಕವನ್ನು ತಿರುವಿ ಹಾಕಿ ಕೊರಗಿದ: "ಏನ್ರಿ ಅಮ್ಮಾ, ಎಲ್ಲಾ ಹೊಲಸು ಮಾಲೇ ಇಟ್ಟೀರಿ. ಬೆನ್ನಿಗೆಲ್ಲ ಪೆನ್ಸಿಲ್ ಗೀಚೈತಿ. ಕೊಡ್ರಿ ಇಲ್ಲಿ, ರಬ್ಬರ್ ಹಚ್ಚಿ ಸಾಫ್ ಮಾಡಿಕೊಡ್ತೀನಿ." ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಪುಸ್ತಕ ಕಿತ್ತುಕೊಂಡು ಎದೆಗವಚಿಕೊಂಡದ್ದು ನೋಡಿ ಅವನಿಗೇ ಗಾಬರಿಯಾಯಿತು.

ಆ ಗೀಚಿನ ಸಲುವಾಗಿಯೇ ಈ ಪುಸ್ತಕ ಇರುವುದು.

ನಮ್ಮ ಅವ್ವನಿಗೆ ಮಕ್ತಲ್‌ನ ಪೇಟೆ ಓಣಿಯಲ್ಲಿ ಒಂದು ಸಣ್ಣ ಅಂಗಡಿ ಇತ್ತು. ಉಪ್ಪು, ಬೆಲ್ಲ, ಹುಣಸೆಹಣ್ಣು, ಸೀಮೆಎಣ್ಣೆ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಕಾಗದದ ದುಡ್ಡಿನ ಮೇಲೆ ನಂಬಿಕೆಯೂ ಇರಲಿಲ್ಲ. "ಕಲ್ಲಿನಂಥಾ ಉಪ್ಪು ಕೊಟ್ಟು ಈ ಹಾಳಿ ತೊಗೊಳ್ಳೋದೇನು?" ಎಂದು ಗೊಣಗುತ್ತಲೇ ತೆಗೆದುಕೊಳ್ಳುತ್ತಿದ್ದಳು. ನಮ್ಮ ಕಡೆ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ, ನಿಜಾಮರ ದುಡ್ಡು. ಗಡಿಯಾಚೆಯ ಇಂಗ್ರೇಜಿ ದುಡ್ಡಿಗೆ ಕಲ್ದಾರ್ ಅನ್ನುತ್ತಿದ್ದರು. ಕಲ್ದಾರ್‌ಗೆ ಬೆಲೆ ಒಂದಿಷ್ಟು ಜಾಸ್ತಿ. ತುಂಗಭದ್ರೆ ದಾಟಿದರೆ ದುಡ್ಡೂ ಬೇರೆ, ಸರಕಾರವೂ ಬೇರೆ. ಬಿಸಿಲು ಮಾತ್ರ ಒಂದೇ.

ಅವ್ವ ನನ್ನನ್ನು ಜನಾನಾ ಮದರಸಾಕ್ಕೆ, ಅಂದರೆ ಹೆಣ್ಣುಮಕ್ಕಳ ಸರಕಾರಿ ಶಾಲೆಗೆ, ಹಾಕಿದ್ದಕ್ಕೆ ಕಾರಣವೇ ಈ ನೋಟು. ಸರಸ್ವತಿ ಒಲಿಯಲಿ ಎಂದಲ್ಲ, ಅಂಗಡಿಯಲ್ಲಿ ಯಾರೂ ಟೋಪಿ ಹಾಕದಿರಲಿ ಎಂದು. ಅಲ್ಲಿ ಉಸ್ತಾನಿಬೀ ಎಂದು ನಾವು ಕರೆಯುತ್ತಿದ್ದ ಶಿಕ್ಷಕಿ ಉರ್ದು ಕಲಿಸುತ್ತಿದ್ದರು. ನನ್ನ ಮೊದಲ ಪಾಠಪುಸ್ತಕ ಒಂದು ರೂಪಾಯಿಯ ನೋಟು ಎಂದರೆ ಸುಳ್ಳಲ್ಲ. ಅದನ್ನು ಹಿಡಿದು ಉಸ್ತಾನಿಬೀ ಒಂದೊಂದು ಅಕ್ಷರವನ್ನೂ ತೋರಿಸಿದರು. ಕೆಳಗಿನ ಸಹಿಯನ್ನು ತೋರಿಸಿ, "ಇದು ಮಾತ್ರ ಓದಾಕ ಬರಂಗಿಲ್ಲ ಬೇಟೀ. ದೊಡ್ಡವರ ಸಹಿ ಓದಾಕಲ್ಲ, ಗುರ್ತು ಹಿಡಿಯಾಕ" ಎಂದರು. ಓದಲಾಗದ್ದನ್ನು ಗುರುತು ಹಿಡಿಯುವ ಆ ಪಾಠ ನನಗೆ ಉಳಿದ ಎಲ್ಲ ಪಾಠಗಳಿಗಿಂತ ಚೆನ್ನಾಗಿ ಹತ್ತಿತು.

ಅಣ್ಣ ಶರಣಪ್ಪ ನನಗಿಂತ ಬಹಳ ದೊಡ್ಡವನು. ಗದ್ವಾಲದ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಈಗ ಜೂರಾಲದ ಅಣೆಕಟ್ಟಿನಲ್ಲಿ ತುಂಬಿ ನಿಂತಿರುವ ಕೃಷ್ಣೆಯನ್ನು ಆಗ ಹರಗೋಲಿನಲ್ಲಿ ದಾಟಿ ಹೋಗಬೇಕಿತ್ತು. ಹಬ್ಬಕ್ಕೆ ಬಂದರೆ ಅವನ ದೌಲತ್ತು ನೋಡಬೇಕು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಾತಿಗೊಮ್ಮೆ "ನಮ್ಮ ಅಂಗಡ್ಯಾಗ". ಆ ದಿನಗಳಲ್ಲಿ ಖೋಟಾ ನೋಟಿನ ಅಂಜಿಕೆ ಬಹಳ. ಅದಕ್ಕೆ ಹೆಸರಿದ್ದ ಅಂಗಡಿಗಳವರು ಗಿರಾಕಿಗೆ ನೋಟು ಕೊಡುವಾಗ ಅದರ ಬೆನ್ನಿಗೆ ಒಂದು ಸಹಿ ಹಾಕಿ ಕೊಡುತ್ತಿದ್ದರು. ಇದು ನಮ್ಮ ಕೈಯಿಂದ ಹೋದ ನೋಟು, ಕೆಟ್ಟದ್ದಾದರೆ ನಮ್ಮ ಹತ್ತಿರವೇ ತನ್ನಿ, ಬದಲಿ ಕೊಡುತ್ತೇವೆ ಎಂದು ಅದರ ಅರ್ಥ. ಅಣ್ಣ ಒಂದು ದೀಪಾವಳಿಗೆ ಬಂದಾಗ ಅಂಥದೊಂದು ನೋಟನ್ನು ಅವ್ವನ ಮುಂದೆ ಹಿಡಿದ. ಬೆನ್ನ ಮೇಲೆ ನೇರಳೆ ಬಣ್ಣದಲ್ಲಿ ಒಂದು ಅರ್ಧಚಂದ್ರ, ಅದರ ಹೊಟ್ಟೆಯಲ್ಲಿ ಎರಡು ಚುಕ್ಕಿ, ಕೆಳಗೊಂದು ಗೆರೆ.

"ಅವ್ವಾ, ಇದು ನನ್ನ ಸಹಿ. ಈ ಸಹಿ ಬಿದ್ದ ನೋಟು ಗದ್ವಾಲದಿಂದ ರಾಯಚೂರಮಟ ಯಾರೂ ಬ್ಯಾಡ ಅನ್ನಂಗಿಲ್ಲ ನೋಡು" ಎಂದ.

ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಬಾಗಿಲ ಹಿಂದೆ ನಿಂತಿದ್ದ ಅತ್ತಿಗೆ ಗೌರಿ ಕಿಸಕ್ಕನೆ ನಕ್ಕಳು. ಅವಳು ಆ ವರ್ಷವೇ ಮರಿಕಲ್‌ನಿಂದ ಮದುವೆಯಾಗಿ ಬಂದಿದ್ದಳು. ಮರುದಿನ ಬೆಳಿಗ್ಗೆ ನಮ್ಮ ಹೊಸ್ತಿಲ ರಂಗೋಲಿಯ ಒಂದು ಮೂಲೆಯಲ್ಲಿ ಅದೇ ಅರ್ಧಚಂದ್ರ, ಎರಡು ಚುಕ್ಕಿ ಇದ್ದವು. ಅಣ್ಣ ಅದನ್ನು ತುಳಿಯದೆ ದಾಟಿ ಹೋದ.

ಆಮೇಲಿನದನ್ನು ನಮ್ಮ ಕಡೆಯ ಮುದುಕರೆಲ್ಲ ಹೇಳುತ್ತಾರೆ, ನಾನು ಬೇರೆ ಏನು ಹೇಳಲಿ? ರಜಾಕಾರರ ಕಾಲ ಬಂತು. ಸಂಜೆಗೆ ಮೊದಲೇ ಬಾಗಿಲು ಮುಚ್ಚುತ್ತಿದ್ದೆವು. ಗದ್ವಾಲದಿಂದ ಅಣ್ಣ ಒಂದು ದಿನ ಹೊರಟವನು ಮನೆಗೂ ಬರಲಿಲ್ಲ, ಅಂಗಡಿಗೂ ಬರಲಿಲ್ಲ. ಉಂಡವಳ್ಳಿಯಲ್ಲಿ ಪರಿಚಯದವರ ಮನೆಯಲ್ಲಿ ಊಟ ಮಾಡಿ ತುಂಗಭದ್ರೆಯ ಕಡೆಗೆ ನಡೆದನಂತೆ. ಹೊಳೆ ದಾಟಿ, ನಿಜಾಮರ ವಿರುದ್ಧ ಹೋರಾಡುವವರು ಕರ್ನೂಲಿನ ಕಡೆ ಹೂಡಿದ್ದ ಶಿಬಿರ ಸೇರಿದ ಎಂದರು ಕೆಲವರು. ಹೊಳೆಯ ದಂಡೆಯಲ್ಲೇ ಅವನನ್ನು ಹಿಡಿದರು ಎಂದರು ಕೆಲವರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಪೊಲೀಸ್ ಆಕ್ಷನ್ ಆಯಿತು. ಹೆಸರು ಪೊಲೀಸ್, ಬಂದದ್ದು ಮಿಲಿಟರಿ. ರಾಯಚೂರಿನ ದಾರಿಯಲ್ಲಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು. ಶಿಬಿರಗಳಿಂದ ಹುಡುಗರು ಮರಳಿ ಬಂದರು, ಅವರಿಗೆ ಹಾರ ಹಾಕಿದರು. ಅವ್ವ ಪ್ರತಿಯೊಂದು ಮೆರವಣಿಗೆಯಲ್ಲೂ ಮುಖಗಳನ್ನು ಹುಡುಕುತ್ತ ನಿಂತಳು. ಊರಿನ ಅಂಜಿಕೆ ಮಾತ್ರ ಊರು ಬಿಟ್ಟು ಹೋಗಲಿಲ್ಲ, ಓಣಿ ಬದಲಿಸಿತು ಅಷ್ಟೆ. ನಿನ್ನೆಯವರೆಗೆ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ಈಗ ಉಸ್ತಾನಿಬೀ ಓಣಿಯವರು ಕೂತರು. ಒಂದು ಬೆಳಿಗ್ಗೆ ಅವರ ಮನೆಗೆ ಬೀಗ ಬಿದ್ದಿತ್ತು. ಹೈದರಾಬಾದಿಗೆ ಹೋದರಂತೆ. ನನಗೆ ಯಾರೂ ಹೇಳಲಿಲ್ಲ, ನಾನು ಪಾಟಿ ಹಿಡಿದುಕೊಂಡು ಹೋಗಿ ಬೀಗದ ಮುಂದೆ ನಿಂತು ಬಂದೆ. ಬಾಲ್ಯ ಮುಗಿದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಬೀಗವನ್ನೇ ಹೇಳುತ್ತೇನೆ.

ಇಷ್ಟಾದರೂ ದುಡ್ಡು ಬದಲಾಗಲಿಲ್ಲ. ನಿಜಾಮರ ಆಳ್ವಿಕೆ ಹೋಯಿತು, ಅವರ ನೋಟು ಹಾಗೇ ನಡೆಯಿತು. ಹೀಗಿರುವಾಗ ಒಂದು ಸಂತೆಯ ದಿನ ಅವ್ವ ಯಾರಿಂದಲೋ ನೋಟು ತೆಗೆದುಕೊಂಡು, ಹರಿದಿದೆಯೋ ಏನೋ ಎಂದು ತಿರುಗಿಸಿ, ಕುಂತಲ್ಲೇ ಕಿರುಚಿದಳು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬೆನ್ನ ಮೇಲೆ ಅರ್ಧಚಂದ್ರ, ಎರಡು ಚುಕ್ಕಿ, ಗೆರೆ.

"ನಮ್ಮ ಶರಣನ ಸಹಿ! ಅದಾನವ್ವಾ, ನನ್ನ ಮಗ ಅದಾನ!"

ಆ ದಿನ ಯಾರಿಗೂ ಲೆಕ್ಕ ಹೊಳೆಯಲಿಲ್ಲ. ನೋಟು ಕೈಯಿಂದ ಕೈಗೆ ಎಷ್ಟು ಕಾಲವಾದರೂ ತಿರುಗುತ್ತಿರುತ್ತದೆ, ಅವನು ಹೋಗುವುದಕ್ಕೆ ಮೊದಲೇ ಹಾಕಿದ ಸಹಿ ಈಗ ಬಂದಿರಬಹುದು. ವಾರದ ಮೇಲೆ ಇದನ್ನು ಹೇಳಿದವನು ಅವ್ವನ ತಮ್ಮ, ನಮ್ಮ ಮಾಮ. ಅವ್ವ ಅವನ ಜೊತೆ ಬಹಳ ದಿನ ಮಾತು ಬಿಟ್ಟಳು. ಆದರೆ ಮಾತು ತಲೆಯಲ್ಲಿ ಕೂತಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂದರೆ, ಆ ಹುಲ್ಲುಕಡ್ಡಿ ಹಸಿಯೋ ಒಣಗಿದ್ದೋ ಎಂದು ನೋಡುವ ಕೆಲಸ ನನಗೆ ಬಂತು. ಸಹಿ ಇರುವ ನೋಟು ಬಂದರೆ ನಾವು ಅದನ್ನು ಖರ್ಚು ಮಾಡುತ್ತಿರಲಿಲ್ಲ. ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಅದಕ್ಕೆ ಮೊದಲು ನನ್ನನ್ನು ಕರೆಯುತ್ತಿದ್ದಳು. ನಾನು ಮುಖದ ಮೇಲಿನ ಖಜಾನೆಯ ಸಹಿ ನೋಡಿ, "ಎತ್ತಿನ ಉಚ್ಚಿ, ಹಳೇದು" ಎನ್ನುತ್ತಿದ್ದೆ. ಅವ್ವನ ಮುಖ ಇಳಿಯುತ್ತಿತ್ತು. ಇಡೀ ಓಣಿಯಲ್ಲಿ ನನ್ನಷ್ಟು ಬಿಗುಮಾನದ ಹುಡುಗಿ ಇನ್ನೊಬ್ಬಳು ಇರಲಿಲ್ಲ. ಪಂಚಾಂಗ ನೋಡುವ ಅಯ್ಯನವರಿಗೆ ಇರುವ ಗತ್ತು ನನಗೆ ಬಂದಿತ್ತು.

ಅತ್ತಿಗೆಯ ಅಪ್ಪ ಬಸಪ್ಪ ಮರಿಕಲ್‌ನಿಂದ ಬಂದರು. ಮಾತು ಕಡಿಮೆ ಆಡುವ ಒಕ್ಕಲುತನದ ಮನುಷ್ಯ. ಜಗಲಿಯ ಮೇಲೆ ಕೂತು ನೀರು ಕುಡಿದು ಹೇಳಿದರು:

"ನೋಡ್ರಿ ಬೀಗತ್ಯಾರ, ನನ್ನ ಮಗಳು ಇನ್ನಾ ಸಣ್ಣಾಕಿ. ಗಂಡ ಅದಾನ ಅಂದ್ರ ತೋರಸ್ರಿ, ನಾ ಸುಮ್ನ ಹೋಗ್ತೀನಿ. ಇಲ್ಲ ಅಂದ್ರ ಉಡಿಕಿ ಮಾಡಾಕ ಬಿಡ್ರಿ. ನಮ್ಮೂರಾಗ ಒಬ್ಬ ಒಳ್ಳೆ ಮನಸ್ಯಾ ಅದಾನ, ಹೇಣ್ತಿ ತೀರಿಕೊಂಡಾಳ."

ಉಡಿಕೆ ನಮ್ಮವರಲ್ಲಿ ಇರುವ ರೂಢಿ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುತ್ತಾರೆ. ವಾಲಗ ಇಲ್ಲ, ಹಂದರ ಇಲ್ಲ, ಆದರೆ ಸಂಸಾರ ಸಂಸಾರವೇ. ಬಸಪ್ಪ ಕೇಳಿದ್ದು ನ್ಯಾಯವಾಗಿತ್ತು. ಅವ್ವ ಯುಗಾದಿಯವರೆಗೆ ಸಮಯ ಕೇಳಿದಳು. ಅಷ್ಟರಲ್ಲಿ ಮಗ ಬದುಕಿದ್ದಾನೆಂದು ಖಾತ್ರಿಯಾಗದಿದ್ದರೆ ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಎಂದಳು. ಒಳಗೆ ಅತ್ತಿಗೆ ಜೋಳ ಬೀಸುತ್ತಿದ್ದಳು. ಬೀಸುಕಲ್ಲಿನ ಸದ್ದು ನಡುವೆ ಒಮ್ಮೆಯೂ ನಿಲ್ಲಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

ಆ ಚಳಿಗಾಲದಲ್ಲಿ ನಮ್ಮ ಅಂಗಡಿಗೆ ಹೊಸ ನೋಟುಗಳು ಬರತೊಡಗಿದವು. ಬಣ್ಣ ಅದೇ, ಉರ್ದು ಅದೇ, ಖಜಾನೆಯ ಸಹಿ ಮಾತ್ರ ನಾನು ಎಂದೂ ನೋಡದ್ದು. ಪೊಲೀಸ್ ಆಕ್ಷನ್ ಆದ ಮೇಲೆ ಕೂತ ಅಧಿಕಾರಿಯದು. ನಾನು ಅದಕ್ಕೆ ಹಗ್ಗದ ಸಹಿ ಎಂದು ಹೆಸರಿಟ್ಟೆ, ಸುರುಳಿ ಸುತ್ತಿ ಇಟ್ಟ ಹಾಗೆ ಇತ್ತು. ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಅವ್ವ ಒಂದು ನೋಟು ಹಿಡಿದು ನನ್ನನ್ನು ಕೂಗಿದಳು. ಬೆನ್ನ ಮೇಲೆ ಅರ್ಧಚಂದ್ರ. ನಾನು ತಿರುಗಿಸಿದೆ. ಮುಖದ ಮೇಲೆ ಹಗ್ಗ.

"ಅವ್ವಾ, ಹೊಸಾದು" ಎಂದೆ.

"ಏನಂದಿ?"

"ಹೊಸಾ ಸಹಿದು. ಅಣ್ಣ ಹೋದಾಗ ಈ ನೋಟು ಹುಟ್ಟೇ ಇರ್ಲಿಲ್ಲ."

ತಪ್ಪಿಲ್ಲದ ತರ್ಕ. ಅಣ್ಣ ಕಾಣೆಯಾದ ಮೇಲೆ ಅಚ್ಚಾದ ನೋಟಿನ ಮೇಲೆ ಅಣ್ಣನ ಸಹಿ ಇದೆ ಎಂದರೆ ಅಣ್ಣ ಬದುಕಿದ್ದಾನೆ. ಮಾಮನನ್ನು ಕರೆಸಿದರು, ಅವನೂ ಎರಡೂ ಬದಿ ನೋಡಿ ಒಪ್ಪಿದ. ಅವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. ಅತ್ತಿಗೆ ನಕ್ಕಳು, ಅಣ್ಣ ಹೋದ ಮೇಲೆ ಮೊದಲ ಸಲ ಬಾಯಿತುಂಬ ನಕ್ಕಳು, ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಯುಗಾದಿಗೆ ಬಂದ ಬಸಪ್ಪ ನೋಟನ್ನು ಬಹಳ ಹೊತ್ತು ನೋಡಿದರು. ಅವರಿಗೂ ಅಕ್ಷರ ಬರುತ್ತಿರಲಿಲ್ಲ. ಜೊತೆಗೆ ತಂದಿದ್ದ ಹಸಿರು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಅಳಿಯಾ ಇದ್ರ ಅದಕಿಂತ ಏನು ಬೇಕ್ರಿ ನನಗ" ಎಂದು ಹೊರಟು ಹೋದರು.

ಓದುಗರೇ, ಲಲಿತ ಪ್ರಬಂಧ ಎಂದಮೇಲೆ ಇಲ್ಲಿ ನಾನು ನಿಮ್ಮನ್ನು ಒಂದಿಷ್ಟು ನಗಿಸಬೇಕು. ಪ್ರಯತ್ನ ಮಾಡಿದ್ದೇನೆ, ಆಗುತ್ತಿಲ್ಲ.

ಆಮೇಲೆ ಹಗ್ಗದ ನೋಟುಗಳು ಬಂದೇ ಬಂದವು. ಹಗ್ಗ ಮುಂದೆ, ಅಣ್ಣ ಹಿಂದೆ. ಮೊದಮೊದಲು ಪ್ರತಿಯೊಂದಕ್ಕೂ ಸಂಭ್ರಮ. ಅಣ್ಣ ಬದುಕಿದ್ದಾನೆ, ಗದ್ವಾಲದ ಆಸುಪಾಸಿನಲ್ಲೇ ಇದ್ದಾನೆ, ನೋಟಿಗೆ ಸಹಿ ಹಾಕುತ್ತಿದ್ದಾನೆ. ಸರಿ, ಮನೆಗೆ ಯಾಕೆ ಬರುತ್ತಿಲ್ಲ? "ಪೊಲೀಸರ ಅಂಜಿಕಿ ಇರ್ತೈತಿ" ಎಂದು ಅವ್ವ ಹೇಳುತ್ತಿದ್ದಳು. ಆಗ ಯಾರ್ಯಾರನ್ನೋ ಹಿಡಿಯುತ್ತಿದ್ದರು, ಮಾತು ನಂಬುವಂತಿತ್ತು. ಮುಂದಿನ ದೀಪಾವಳಿಗೆ ಬರುತ್ತಾನೆ, ಅದರ ಮುಂದಿನದಕ್ಕೆ ಬರುತ್ತಾನೆ. ಬರಬರುತ್ತ ಅತ್ತಿಗೆ ನೋಟು ನೋಡಲು ಓಡಿ ಬರುವುದನ್ನು ನಿಲ್ಲಿಸಿದಳು. ಅವ್ವ ಕರೆದರೆ "ಇಡ್ರಿ ಅತ್ತಿ, ಆಮ್ಯಾಲ ನೋಡ್ತೀನಿ" ಎನ್ನುತ್ತಿದ್ದಳು. ಓಣಿಯ ಹೆಂಗಸರು ಅವಳೆದುರು ಮಾತು ನಿಲ್ಲಿಸುತ್ತಿದ್ದರು. ಸತ್ತವನ ಹೆಂಡತಿಗೆ ಅಯ್ಯೋ ಎನ್ನುವವರಾದರೂ ಇರುತ್ತಾರೆ. ಬದುಕಿದ್ದೂ ಬಾರದವನ ಹೆಂಡತಿಯನ್ನು ನೋಡಿ ಜನ ಇವಳಲ್ಲೇ ಏನೋ ಕೊರತೆ ಇರಬೇಕು ಎಂದು ಹುಡುಕುತ್ತಾರೆ.

ಒಮ್ಮೆ ನಾನು, ಅವಳು ಎದುರುಬದುರು ಕೂತು ಬೀಸುತ್ತಿದ್ದೆವು. ಗೂಟ ಹಿಡಿದ ಕೈ ನಿಲ್ಲಿಸದೆ ಅವಳು ಕೇಳಿದಳು:

"ನಿಮ್ಮಣ್ಣ ಹೋಗೂ ಮುಂದ ನಿನಗೇನಾರ ಹೇಳಿದ್ರೇನ? ನಂದೇನಾರ ತಪ್ಪಾಗಿತ್ತಂತೇನು?"

"ಇಲ್ಲ ಅತ್ತಿಗಿ."

"ಅಡಗಿ ಸೇರ್ತಿರ್ಲಿಲ್ಲೇನೋ. ನನಗ ಆಗ ರೊಟ್ಟಿ ತೆಳ್ಳಗ ಬರ್ತಿರ್ಲಿಲ್ಲ."

ಅವಳು ಒಂದು ಹಿಡಿ ಜೋಳ ಕಲ್ಲಿಗೆ ಹಾಕಿದಳು, ನಾವು ಬೀಸಿದೆವು.

ಹೀಗೇ ವರ್ಷಗಳು ಉರುಳಿ ಕೊನೆಗೆ ಡಂಗುರ ಸಾರಿದರು. ಹಾಲಿ ಸಿಕ್ಕಾ ಬಂದ್ ಆಗುತ್ತದೆ, ಗಡುವಿನ ಒಳಗೆ ಎಲ್ಲರೂ ತಮ್ಮ ನೋಟು ಬದಲಿ ಮಾಡಿಕೊಳ್ಳಬೇಕು. ಊರಿಗೆ ಊರೇ ಗಡಿಗೆ, ಗೋಡೆ, ತಲೆದಿಂಬುಗಳಿಂದ ನೋಟು ಹೊರಗೆ ತೆಗೆಯಿತು. ಅವ್ವ ಮೊದಲು ಗರಬಡಿದವಳಂತೆ ಕೂತಳು. ಆಮೇಲೆ ಅವಳ ಮುಖ ಅರಳಿತು.

"ಶರಣನ ಹತ್ರಾನೂ ನೋಟು ಇರ್ತಾವಲ್ಲ? ಎಲ್ಲಿ ಅಡಗಿದ್ರೂ ಬದಲಿ ಮಾಡಾಕ ಹೊರಗ ಬರಬೇಕಲ್ಲ? ಬಂದ್ರ ಗದ್ವಾಲಕ್ಕ, ಅವರ ಅಂಗಡಿಗೇ ಬರ್ತಾನ. ನಡಿ, ಹೋಗಿ ಕುಂದ್ರೂಣು."

ಈ ಮಾತಿಗೂ ನಾನು ತಪ್ಪು ಹುಡುಕಲಾರದೆ ಹೋದೆ. ಅತ್ತಿಗೆಯನ್ನು ಅಂಗಡಿಯಲ್ಲಿ ಬಿಟ್ಟು ನಾವಿಬ್ಬರೂ ಗಾಡಿ ಹತ್ತಿ, ಹರಗೋಲಿನಲ್ಲಿ ಹೊಳೆ ದಾಟಿ ಗದ್ವಾಲಕ್ಕೆ ಹೋದೆವು. ಅವ್ವ ಮಗನಿಗೆಂದು ಶೇಂಗಾದ ಹೋಳಿಗೆ ಕಟ್ಟಿಕೊಂಡಿದ್ದಳು.

ಅಂಗಡಿಯಲ್ಲಿ ಜಾತ್ರೆಯಂಥ ಗದ್ದಲ. ಗಾದಿಯ ಮೇಲೆ ಒಬ್ಬ ತೆಳ್ಳಗಿನ ಗುಮಾಸ್ತ, ತೆಲುಗು ನಾಲಿಗೆಯವನು, ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಅವ್ವ ಕಂಬಕ್ಕೆ ಒರಗಿ ಬೀದಿಯ ಕಡೆಗೆ ಮುಖ ಮಾಡಿ ಕೂತಳು. ಯಾರದೋ ಕಡೆಯ ಮುದುಕಿ ಎಂದುಕೊಂಡು ಅವನು ನಮಗೆ ನೀರು ಕೊಡಿಸಿದ. ಒಬ್ಬ ಗಿರಾಕಿ ಪಂಚೆ ಕೊಂಡು ಹಳೆಯ ನೋಟು ಕೊಟ್ಟ. ಗುಮಾಸ್ತ ಬಾಕಿ ಕೊಡಲು ಒಂದು ಹೊಸ ಸರಕಾರದ ನೋಟು ತೆಗೆದ, ಮಗುಚಿದ, ಕಿವಿಯ ಹಿಂದಿನಿಂದ ಒದ್ದೆ ಮಾಡಿದರೆ ನೇರಳೆಯಾಗಿ ಬರೆಯುವ ಪೆನ್ಸಿಲ್ ತೆಗೆದು ನಾಲಿಗೆಗೆ ಒತ್ತಿದ. ಒಂದು ಅರ್ಧಚಂದ್ರ. ಎರಡು ಚುಕ್ಕಿ. ಒಂದು ಗೆರೆ. ಅವನ ಕೆಳತುಟಿ ನೇರಳೆಯಾಗಿತ್ತು. ಹಬ್ಬಕ್ಕೆ ಬರುತ್ತಿದ್ದ ಅಣ್ಣನ ತುಟಿಯೂ ಹಾಗೇ ಇರುತ್ತಿತ್ತು.

ನಾನು ಮೊದಲು ನೋಡಿದೆ. ಅವ್ವ ಬೀದಿಯನ್ನೇ ನೋಡುತ್ತಿರಲಿ ದೇವರೇ ಎಂದುಕೊಂಡೆ. ಅವ್ವ ತಿರುಗಿದಳು.

"ಏ ಅಪ್ಪಾ, ಅದು ನನ್ನ ಮಗನ ಸಹಿ. ನೀ ಯಾಕ ಮಾಡ್ತಿ?"

ಅವನು ನಕ್ಕ. ಕೆಟ್ಟ ನಗೆಯಲ್ಲ. "ಇದು ಅಂಗಡಿ ಸಹಿರಿ ಅಮ್ಮಾ. ಈ ಗಾದಿ ಮ್ಯಾಲ ಯಾರು ಕುಂತಿರ್ತಾರ ಅವರು ಹಾಕಬೇಕು. ನಾ ಬಂದಾಗಿಂದ ನಾನು ಹಾಕ್ತೀನಿ. ನನಗಿಂತ ಮೊದಲು ಶರಣಪ್ಪ ಅಂತ ಒಬ್ಬರು ಹಾಕ್ತಿದ್ರಂತ. ಅವರಿಗಿಂತ ಮೊದಲು ಇನ್ಯಾರೋ. ಮನಸ್ಯಾ ಬದಲಾದ್ರೂ ಸಹಿ ಬದಲಾಗಬಾರ್ದು, ಗಿರಾಕಿ ನಂಬಂಗಿಲ್ಲ."

ಅವ್ವ ಎದ್ದು ಗಾದಿಯ ಹತ್ತಿರ ಹೋದಳು. "ಇನ್ನೊಮ್ಮಿ ಮಾಡು" ಎಂದಳು.

ಅವನಿಗೆ ಏನೋ ತಿಳಿದಿರಬೇಕು, ನಗು ನಿಂತಿತು. ಒಂದು ಚೂರು ಕಾಗದದ ಮೇಲೆ ಮಾಡಿ ತೋರಿಸಿದ. ಅವ್ವ ಕಾಗದ ನೋಡಲಿಲ್ಲ, ಅವನ ಕೈ ನೋಡಿದಳು. ಬೇರೆಯವರ ಮಗನ ಕೈ.

ಮಾಮ ಎರಡು ಸಲ ಇದೇ ಅಂಗಡಿಗೆ ಬಂದು ಕೇಳಿಕೊಂಡು ಹೋಗಿದ್ದ. ಶರಣಪ್ಪ ಬಂದಿದ್ದನೇ ಎಂದು ಕೇಳಿದ್ದ, ಇಲ್ಲ ಎಂದಿದ್ದರು. ಸಹಿ ಯಾರದು ಎಂದು ಕೇಳಬೇಕೆಂದು ಅವನಿಗಾಗಲಿ ನಮಗಾಗಲಿ ಹೊಳೆದಿರಲಿಲ್ಲ. ಗೊತ್ತಿರುವುದನ್ನು ಯಾರು ಕೇಳುತ್ತಾರೆ? ಅಣ್ಣ ನನ್ನ ಸಹಿ ಎಂದಿದ್ದ. ಅದನ್ನು ಸುಳ್ಳು ಎಂದಾದರೂ ಹೇಗೆ ಅನ್ನಲಿ? ಆ ಗಾದಿಯ ಮೇಲೆ ಕೂತಿರುವವರೆಗೆ ಅದು ಅವನದೇ ಆಗಿತ್ತು. ನಾನು ಹಗ್ಗವನ್ನು ಹಗ್ಗವೆಂದೇ ಗುರುತಿಸಿದ್ದೆ, ಚೇಳನ್ನು ಚೇಳೆಂದೇ ಗುರುತಿಸಿದ್ದೆ. ಹರಗೋಲಿನಲ್ಲಿ ಕೂತು ಇದನ್ನೇ ಮತ್ತೆ ಮತ್ತೆ ಎಣಿಸಿದೆ. ಎಲ್ಲಿಯೂ ತಪ್ಪಿರಲಿಲ್ಲ, ಆದರೂ ಒಬ್ಬ ಹೆಂಗಸಿನ ಹರೆಯ ಕಳೆದುಹೋಗಿತ್ತು. ಮರಿಕಲ್‌ನ ಆ ಒಳ್ಳೆಯ ಮನುಷ್ಯನಿಗೆ ಬೇರೆ ಮದುವೆಯಾಗಿ ಮಕ್ಕಳಾಗಿದ್ದವು. ಅವ್ವನ ಸೊಂಟದ ಗಂಟನ್ನು ಬದಲಿ ಮಾಡಿಸುವುದು ಇಬ್ಬರಿಗೂ ನೆನಪಾಗಲಿಲ್ಲ, ಗಡುವು ದಾಟಿತು. ನನ್ನ ಪುಸ್ತಕದ ಮೊದಲ ಹಾಳೆಗಳಲ್ಲಿ ಇರುವುದು ಅವೇ ನೋಟುಗಳು. ಅವುಗಳಲ್ಲಿ ಯಾವ ಅರ್ಧಚಂದ್ರ ಅಣ್ಣನದು, ಯಾವುದು ಅವನಿಗಿಂತ ಹಿಂದಿನವನದು ಎಂದು ಹೇಳುವ ವಿದ್ಯೆ ನನಗೆ ಈ ವಯಸ್ಸಿನವರೆಗೂ ಬಂದಿಲ್ಲ.

ಅವ್ವ ಹೋಳಿಗೆಯ ಗಂಟನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡು ಮರಳಿದಳು. ಅವಳು ಅತ್ತಿಗೆಗೆ ಹೇಳಲಿಕ್ಕಿಲ್ಲ ಎಂದು ನಾನು ಅಂಜಿದ್ದೆ, ಹೇಳಿಬಿಟ್ಟರೆ ಏನು ಗತಿ ಎಂದೂ ಅಂಜಿದ್ದೆ. ಮನೆ ಮುಟ್ಟಿದಾಗ ಅತ್ತಿಗೆ ಯಾರಿಗೋ ಬೆಲ್ಲ ಕಟ್ಟಿಕೊಡುತ್ತಿದ್ದಳು. ಗಿರಾಕಿ ಹೋಗುವವರೆಗೆ ಅವ್ವ ಹೊರಗೇ ನಿಂತಳು. ಆಮೇಲೆ ಒಳಗೆ ಬಂದು ಸೊಸೆಯ ಮುಂದೆ ನೆಲದ ಮೇಲೆ ಕೂತಳು.

"ಗೌರೀ, ಆ ಸಹಿ ನಮ್ಮ ಶರಣಂದಲ್ಲ ಯವ್ವಾ. ಅಂಗಡಿದು. ಅವ ಹೋದಮ್ಯಾಲ ಬ್ಯಾರೆಯವ ಹಾಕ್ಕೋತ ಬಂದಾನ. ನಾ ಕಣ್ಣೀಲೆ ನೋಡಿ ಬಂದೆ. ಶರಣ ಆವಾಗ್ಲೇ ಹೋಗ್ಯಾನ. ನಿನ್ನ ಬಾಳೇವು ನಾ ಹಾಳು ಮಾಡಿದ್ನೆವ್ವಾ."

ಅತ್ತಿಗೆ ಕಿರುಚುತ್ತಾಳೆ, ಬೈಯುತ್ತಾಳೆ, ಕನಿಷ್ಠ ಕೈಯಲ್ಲಿದ್ದ ತಕ್ಕಡಿಯನ್ನಾದರೂ ಎತ್ತಿ ಎಸೆಯುತ್ತಾಳೆ ಎಂದು ನಾನು ಕಾದೆ. ಅವಳು ತಕ್ಕಡಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅತ್ತೆಯ ಮುಖವನ್ನೇ ನೋಡುತ್ತ, ಎಲ್ಲಿ ಇಲ್ಲ ಅಂದುಬಿಡುತ್ತಾಳೋ ಎನ್ನುವಂತೆ ಅಂಜುತ್ತ ಕೇಳಿದಳು:

"ಹಂಗಾರ ಅತ್ತಿ, ಅವರು ನನ್ನ ಬ್ಯಾಡ ಅಂದಿರ್ಲಿಲ್ಲೇನ್ರಿ?"

"ಇಲ್ಲ ಯವ್ವಾ" ಎಂದಳು ಅವ್ವ.

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಣ್ಣನಿಗಾಗಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.